ಎರಡನೆಯ ಅಂಕಿ: ಹಿಟಾಚಿ ಎಂಜಿನ್ನಿನ ಎರರ್ ಕೋಡ್ ಕುರಿತು ನಾಲ್ಕು ಪಾಠಗಳು

ವೃತ್ತಿ: ಡೀಸೆಲ್ ಮೆಕ್ಯಾನಿಕ್. ಘಟಕ: ಎಂಜಿನ್ ಸೆನ್ಸರ್‌ಗಳು ಮತ್ತು ದೋಷಸಂಕೇತಗಳು. ವಿದ್ಯಾರ್ಥಿಗಳು: 22. ಪಾಠಗಳು: 4, ಕೊನೆಯದು ತರಗತಿಯ ಹೊರಗೆ.

ಅಭ್ಯಾಸ ಬೋಧನೆಗೆ ನನ್ನನ್ನು ಕಳುಹಿಸಿದ್ದು ಮಂಡ್ಯ ಜಿಲ್ಲೆಯ ಒಂದು ಕೈಗಾರಿಕಾ ತರಬೇತಿ ಸಂಸ್ಥೆಗೆ. ತರಗತಿಯ 22 ಹುಡುಗರೂ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳವರು. ಪಾಠಯೋಜನೆಯ 'ಪೂರ್ವಜ್ಞಾನ' ಎಂಬ ಅಂಕಣದಲ್ಲಿ ನಾನು 'ವಿದ್ಯಾರ್ಥಿಗಳು ಓಮ್‌ನ ನಿಯಮವನ್ನು ಬಲ್ಲರು' ಎಂದು ಬರೆದಿದ್ದೆ. ಬರೆಯಬೇಕಾಗಿದ್ದುದು ಬೇರೆ. ಇವರಲ್ಲಿ ಅರ್ಧಕ್ಕರ್ಧ ಮಂದಿ ಅಪ್ಪನದೋ ಮಾವನದೋ ಯಂತ್ರದ ಕ್ಯಾಬಿನ್ನಿನಲ್ಲಿ ಕೂತು ಬೆಳೆದವರು. ನಾಲೆಯ ಹೂಳು, ಕೆರೆಯ ಹೂಳು, ಕಲ್ಲು ಕ್ವಾರಿ, ಗದ್ದೆ ಸಮ ಮಾಡುವುದು, ಬೆಂಗಳೂರು–ಮೈಸೂರು ಹೆದ್ದಾರಿಯ ಕೆಲಸ, ಇವೆಲ್ಲದರ ಮಾತು ಅವರ ಊಟದ ಹೊತ್ತಿನ ಮಾತು. ನಮ್ಮ ಕಡೆ ಚೈನಿನ ಮೇಲೆ ಓಡುವ ಯಾವ ಅಗೆಯುವ ಯಂತ್ರಕ್ಕೂ ಹಿಟಾಚಿ ಎಂದೇ ಹೆಸರು, ಮೈಮೇಲೆ ಕೊಮಾಟ್ಸು ಎಂದು ಬರೆದಿದ್ದರೂ ಸರಿ, ವೋಲ್ವೋ ಎಂದಿದ್ದರೂ ಸರಿ. ಚಕ್ರದ್ದಾದರೆ ಜೆಸಿಬಿ. ಈ ಲೇಖನದಲ್ಲೂ ಹಾಗೆಯೇ ಬಳಸಿದ್ದೇನೆ.

ಶಿಕ್ಷಕ ತರಬೇತಿಗೆ ಸೇರುವ ಮೊದಲು ನಾನು ನಾಲ್ಕು ವರ್ಷ ಇಂಥ ಯಂತ್ರಗಳ ಸರ್ವಿಸ್ ಕೆಲಸದಲ್ಲಿದ್ದೆ. ಆದ್ದರಿಂದ ಈ ಘಟಕ ಸಿಕ್ಕಾಗ ಸಲೀಸು ಎಂದುಕೊಂಡೆ. ನಾಲ್ಕು ಪಾಠಗಳಲ್ಲಿ ಮೊದಲ ಎರಡು ಕೆಟ್ಟವು. ಮೊದಲನೆಯದು ಕೆಟ್ಟದ್ದು ಎಲ್ಲರಿಗೂ ಕಾಣುವಂತೆ ಕೆಟ್ಟಿತು. ಎರಡನೆಯದು ಚೆನ್ನಾಗಿ ಆಯಿತು ಎಂದು ನಾನೂ ನಂಬಿದ್ದೆ, ವೀಕ್ಷಣೆಗೆ ಬಂದಿದ್ದ ಮೇಡಂ ಕೂಡ ಒಳ್ಳೆಯ ಮಾತನ್ನೇ ಬರೆದರು. ಈ ಎರಡನೆಯ ಪಾಠದ ಸಲುವಾಗಿಯೇ ಮುಖ್ಯವಾಗಿ ಈ ಲೇಖನ.

ಮೊದಲ ಪಾಠ: ಪಟ್ಟಿ

ಒಂದು ದೊಡ್ಡ ಚಾರ್ಟ್ ಬರೆದುಕೊಂಡು ಹೋಗಿದ್ದೆ. ಭಾರೀ ವಾಹನ, ಯಂತ್ರಗಳ ಎಂಜಿನ್‌ಗಳು ಎಸ್‌ಎಇ ಜೆ1939 ಎಂಬ ಒಪ್ಪಂದದ ಭಾಷೆಯಲ್ಲಿ ಮಾತನಾಡುತ್ತವೆ. ಅದರಲ್ಲಿ ಒಂದು ದೋಷಕ್ಕೆ ಎರಡು ಅಂಕಿ. ಮೊದಲನೆಯದು ಎಸ್‌ಪಿಎನ್, ಅಂದರೆ ಯಾವುದರ ಬಗ್ಗೆ ದೂರು ಎಂಬುದು: 100 ಎಂದರೆ ಎಂಜಿನ್ ಆಯಿಲ್‌ನ ಒತ್ತಡ, 110 ಎಂದರೆ ಕೂಲೆಂಟ್‌ನ ಉಷ್ಣತೆ, 157 ಎಂದರೆ ಕಾಮನ್ ರೈಲಿನ ಡೀಸೆಲ್ ಒತ್ತಡ, 190 ಎಂದರೆ ಎಂಜಿನ್ ವೇಗ. ಎರಡನೆಯದು ಎಫ್‌ಎಂಐ, ಅಂದರೆ ದೂರು ಎಂಥದು ಎಂಬುದು. ಅದು 0ಯಿಂದ 31ರವರೆಗೆ ಹೋಗುತ್ತದೆ. ಇಷ್ಟನ್ನು ಹೇಳಿ ಇಪ್ಪತ್ತು ಎಸ್‌ಪಿಎನ್‌ಗಳನ್ನು ಬಾಯಿಪಾಠ ಮಾಡಿಸಲು ಹೊರಟೆ. ಕೆಲವು ಕಂಪನಿಗಳು ತಮ್ಮದೇ ಅಂಕಿಯನ್ನೂ ಇಟ್ಟುಕೊಂಡಿವೆ ಎಂದು ಸೇರಿಸಿದೆ. ಕಮಿನ್ಸ್ ಎಂಜಿನ್‌ನಲ್ಲಿ 144 ಎಂದು ಬಂದರೆ ಅದೇ ಎಸ್‌ಪಿಎನ್ 110, ಎಫ್‌ಎಂಐ 3. 145 ಎಂದರೆ 110, 4.

ಹತ್ತನೇ ನಿಮಿಷಕ್ಕೆ ಹಿಂದಿನ ಬೆಂಚಿನಲ್ಲಿ ಮಾತು ಶುರುವಾಯಿತು. ಏನಪ್ಪಾ ಎಂದು ಕೇಳಿದೆ. ಪಾಂಡವಪುರದ ಹುಡುಗನೊಬ್ಬ ಎದ್ದು ನಿಂತ.

"ಸಾರ್, 110 ಅಂದ್ರೆ ಟೆಂಪ್ರೇಚರ್ ಸೆನ್ಸರ್ರು ಅಂದ್ರಲ್ಲ. ನಮ್ಮ ಗಾಡೀಲಿ ಅದೇ ಬತ್ತಾ ಐತೆ. ನಮ್ಮಪ್ಪ ಮೂರ್ ಸೆನ್ಸರ್ ಬದ್ಲಾಯಿಸವ್ರೆ. ಹೋಗ್ಲೇ ಇಲ್ಲ ಕನ ಸಾರ್."

ಎರಡನೆಯ ಅಂಕಿ ಏನು ಬರುತ್ತಿದೆ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಅವನ ಅಪ್ಪನಿಗೂ ಗೊತ್ತಿರಲಿಕ್ಕಿಲ್ಲ, ಸೆನ್ಸರ್ ಮಾರಿದವನು ಕೇಳಿಯೂ ಇರಲಿಕ್ಕಿಲ್ಲ. ನನ್ನ ಚಾರ್ಟಿನಲ್ಲಿಯೂ ಎಸ್‌ಪಿಎನ್‌ಗಳಿಗೆ ಮುಕ್ಕಾಲು ಜಾಗ ಕೊಟ್ಟು, ಎಫ್‌ಎಂಐಗಳನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ತುರುಕಿದ್ದೆ. ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು: ನಾನು ಹೇಳಿದ್ದು '110 ಎಂದರೆ ಕೂಲೆಂಟ್‌ನ ಉಷ್ಣತೆ' ಎಂದು, ಅವನು ಕೇಳಿಸಿಕೊಂಡದ್ದು '110 ಎಂದರೆ ಸೆನ್ಸರ್' ಎಂದು. ಕೋಡ್ ಬಂದರೆ ಆ ಹೆಸರಿನ ಸಾಮಾನು ಹೋಗಿದೆ ಎಂಬ ನಂಬಿಕೆ ಊರಿನ ಗ್ಯಾರೇಜುಗಳಲ್ಲಿ ಎಷ್ಟು ಗಟ್ಟಿಯಾಗಿದೆ ಎಂದರೆ, ನಾನು ಬೇರೆ ಹೇಳಿದರೂ ಕಿವಿಗೆ ಬೀಳುವುದು ಅದೇ.

ಎರಡನೆಯ ಪಾಠ: ಟೀ ಲೋಟ

ಮೈಸೂರಿನಿಂದ 10 ಕಿಲೋಓಮ್‌ನ ಥರ್ಮಿಸ್ಟರ್‌ಗಳನ್ನೂ ಅದೇ ಬೆಲೆಯ ರೆಸಿಸ್ಟರ್‌ಗಳನ್ನೂ ತಂದೆ. ಹಳೆಯ ಮೊಬೈಲ್ ಚಾರ್ಜರ್‌ನ ತಂತಿ ಕತ್ತರಿಸಿದರೆ 5 ವೋಲ್ಟ್ ಸಿಕ್ಕಿತು. ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಎಂ, ಸೆನ್ಸರ್‌ಗೆ ಕೊಡುವುದೂ 5 ವೋಲ್ಟನ್ನೇ. ಯಂತ್ರದ ಬ್ಯಾಟರಿ 24 ವೋಲ್ಟ್ ಇದ್ದರೂ ಸೆನ್ಸರ್‌ಗೆ ಮಾತ್ರ 5 ಎಂಬುದು ಹುಡುಗರಿಗೆ ಹೊಸ ವಿಷಯ. ಒಬ್ಬ ನಂಬಲೇ ಇಲ್ಲ.

ಜೋಡಣೆ ಸರಳ. 5 ವೋಲ್ಟ್‌ನಿಂದ ರೆಸಿಸ್ಟರ್, ಅದರ ಕೆಳಗೆ ಥರ್ಮಿಸ್ಟರ್, ಅದರ ಕೆಳಗೆ ಅರ್ತ್. ಎರಡರ ನಡುವಿನ ಜಾಗದಲ್ಲಿ ಮಲ್ಟಿಮೀಟರ್‌ನ ಕೆಂಪು ಕಡ್ಡಿ. ಯಂತ್ರದಲ್ಲಿ ರೆಸಿಸ್ಟರ್ ಇಸಿಎಂನ ಒಳಗೇ ಇರುತ್ತದೆ, ಥರ್ಮಿಸ್ಟರ್ ಎಂಜಿನ್ನಿನ ಮೇಲಿರುತ್ತದೆ, ನಡುವೆ ಎರಡು ವೈರು, ಒಂದು ಕಪ್ಲರ್. ಇಸಿಎಂ ಉಷ್ಣತೆಯನ್ನು ನೋಡುವುದೇ ಇಲ್ಲ. ಅದು ನೋಡುವುದು ನಮ್ಮ ಮೀಟರ್ ನೋಡುವ ವೋಲ್ಟನ್ನು ಮಾತ್ರ. ಈ ಮಾತನ್ನು ಹೇಳದೆ ಅವರೇ ಹೇಳಲಿ ಎಂದು ಕಾದೆ.

ಸುಮ್ಮನೆ ಮೇಜಿನ ಮೇಲಿಟ್ಟಾಗ ಎರಡೂವರೆ ವೋಲ್ಟ್‌ಗೆ ತುಸು ಕಡಿಮೆ. ಥರ್ಮಿಸ್ಟರನ್ನು ಪ್ಲಾಸ್ಟಿಕ್ ತೆಳುಹಾಳೆಯಲ್ಲಿ ಸುತ್ತಿ ಬಿಸಿ ಟೀ ಲೋಟಕ್ಕೆ ಇಳಿಸಿದೆವು. ವೋಲ್ಟ್ ಇಳಿಯುತ್ತ ಇಳಿಯುತ್ತ ಒಂದಕ್ಕಿಂತ ಕೆಳಗೆ ಹೋಯಿತು. ಐಸ್ ಹಾಕಿದ ನೀರಿಗೆ ಇಳಿಸಿದಾಗ ಮೂರೂಮುಕ್ಕಾಲರ ಹತ್ತಿರ ಏರಿತು. ಬಿಸಿಯಾದರೆ ಥರ್ಮಿಸ್ಟರ್‌ನ ರೋಧ ಇಳಿಯುತ್ತದೆ, ಆದ್ದರಿಂದ ಅದರ ಪಾಲಿಗೆ ಬರುವ ವೋಲ್ಟೂ ಇಳಿಯುತ್ತದೆ ಎಂದು ಶ್ರೀರಂಗಪಟ್ಟಣದ ಹುಡುಗ ಕಪ್ಪುಹಲಗೆಯಲ್ಲಿ ಲೆಕ್ಕ ಮಾಡಿ ತೋರಿಸಿದ: ರೋಧ 2 ಕಿಲೋಓಮ್ ಆದರೆ 5ನ್ನು 12ರಿಂದ ಭಾಗಿಸಿ 2ರಿಂದ ಗುಣಿಸು, 0.83. ಟೀ ಲೋಟದ ಅಂಕಿಗೆ ಹತ್ತಿರವೇ ಇತ್ತು. ಸರಣಿ ಜೋಡಣೆಯ ಲೆಕ್ಕ ಇವರಿಗೆ ಹತ್ತನೇ ತರಗತಿಯಿಂದ ಗೊತ್ತು. ಅದು ಎಲ್ಲಿಯಾದರೂ ಬೇಕಾಗುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

ಆಮೇಲೆ ಕೇಳಿದೆ: "ಈಗ ಥರ್ಮಿಸ್ಟರ್‌ನ ವೈರು ಕಿತ್ತುಬಿಟ್ಟರೆ ಮೀಟರ್ ಎಷ್ಟು ತೋರಿಸುತ್ತೆ?"

ಬಹುತೇಕ ಎಲ್ಲರೂ "ಸೊನ್ನೆ" ಎಂದರು. ಕಿತ್ತೆವು. 5 ತೋರಿಸಿತು.

ತರಗತಿ ಒಂದು ಕ್ಷಣ ಸುಮ್ಮನಾಯಿತು. ಇದನ್ನು ಯೋಜನೆಯಲ್ಲಿ ಎರಡು ನಿಮಿಷ ಎಂದು ಬರೆದಿದ್ದೆ, ಇಪ್ಪತ್ತು ನಿಮಿಷ ಹಿಡಿಯಿತು, ಹಿಡಿದದ್ದು ಒಳ್ಳೆಯದೇ ಆಯಿತು. ವೈರು ತುಂಡಾದರೆ ಕರೆಂಟು ಹರಿಯುವುದಿಲ್ಲ. ಕರೆಂಟು ಹರಿಯದಿದ್ದರೆ ರೆಸಿಸ್ಟರ್‌ನಲ್ಲಿ ವೋಲ್ಟ್ ಕಳೆದುಹೋಗುವುದಿಲ್ಲ. ಕಳೆಯದಿದ್ದರೆ 5ಕ್ಕೆ 5ಉ ಮೀಟರಿನ ತನಕ ಬಂದು ನಿಲ್ಲುತ್ತದೆ. ಇಸಿಎಂನ ಲೆಕ್ಕದಲ್ಲಿ 5 ವೋಲ್ಟ್ ಎಂದರೆ ಮಂಜುಗಡ್ಡೆಗಿಂತಲೂ ಎಷ್ಟೋ ತಣ್ಣಗೆ. ಮಂಡ್ಯದಲ್ಲಿ ಓಡುತ್ತಿರುವ ಎಂಜಿನ್ನಿನ ನೀರು ಹಾಗಿರಲು ಸಾಧ್ಯವೇ ಇಲ್ಲ. ಆದ್ದರಿಂದ ಅದು 'ನೀರು ತಣ್ಣಗಿದೆ' ಎನ್ನುವುದಿಲ್ಲ, 'ಈ ದಾರಿಯಲ್ಲಿ ವೋಲ್ಟ್ ಮಿತಿಗಿಂತ ಮೇಲಿದೆ' ಎನ್ನುತ್ತದೆ. ಅದೇ ಎಫ್‌ಎಂಐ 3. ಥರ್ಮಿಸ್ಟರ್‌ನ ಎರಡೂ ತುದಿಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿದರೆ ಮೀಟರ್ ಸೊನ್ನೆಗೆ ಬೀಳುತ್ತದೆ. ಅದು ಎಫ್‌ಎಂಐ 4.

ಅಲ್ಲಿಂದ ಪರೀಕ್ಷೆಯ ಉಪಾಯಕ್ಕೆ ಹೋಗುವುದು ಕಷ್ಟವಾಗಲಿಲ್ಲ. 110ರ ಜೊತೆ 3 ಬಂದಿದ್ದರೆ ಸೆನ್ಸರ್‌ನ ಕಪ್ಲರ್ ಬಿಚ್ಚು, ವೈರಿನ ಕಡೆಯ ಎರಡು ಪಿನ್‌ಗಳನ್ನು ಒಂದು ತುಂಡು ತಂತಿಯಿಂದ ಸೇರಿಸು, ಕೀ ಆನ್ ಮಾಡಿ ಕೋಡ್ ನೋಡು. 3 ಹೋಗಿ 4 ಬಂದರೆ ಇಸಿಎಂನಿಂದ ಕಪ್ಲರ್ ತನಕ ದಾರಿ ಸರಿಯಿದೆ, ಸೆನ್ಸರ್ ಬದಲಾಯಿಸಬಹುದು. 3 ಹಾಗೆಯೇ ಇದ್ದರೆ ಎಷ್ಟು ಸೆನ್ಸರ್ ಹಾಕಿದರೂ ದುಡ್ಡು ದಂಡ, ವೈರು ನೋಡು. ಇದು ಎರಡು ವೈರಿನ ಉಷ್ಣತೆಯ ಸೆನ್ಸರ್‌ಗೆ ಮಾತ್ರ. ಒತ್ತಡದ ಸೆನ್ಸರ್‌ಗೆ ಮೂರು ವೈರು, ಅದರಲ್ಲಿ ಒಂದು 5 ವೋಲ್ಟ್‌ನ ಸರಬರಾಜು. ಅಲ್ಲಿ ಗೊತ್ತಿಲ್ಲದೆ ತಂತಿ ಸಿಕ್ಕಿಸಿದರೆ ಅದೇ 5 ವೋಲ್ಟನ್ನು ಹಂಚಿಕೊಂಡಿರುವ ಬೇರೆ ಸೆನ್ಸರ್‌ಗಳೂ ಮಲಗುತ್ತವೆ, ಒಂದು ಕೋಡ್ ಇದ್ದದ್ದು ನಾಲ್ಕಾಗುತ್ತದೆ.

ಗಂಟೆ ಹೊಡೆಯುವ ಮುಂಚೆ ಖುಷಿಯಲ್ಲಿ ಒಂದು ಮಾತು ಹೇಳಿದೆ: "ನೆನಪಿಟ್ಟುಕೊಳ್ಳಿ, ಹತ್ತರಲ್ಲಿ ಎಂಟು ಸಲ ತೊಂದರೆ ವೈರಿನದು." ಆ ಎಂಟು ನಾನು ಎಣಿಸಿದ್ದಲ್ಲ, ಬಾಯಿಗೆ ಬಂದದ್ದು.

ಕಿರು ಪರೀಕ್ಷೆ, ಮತ್ತು ಒಂದು ಫೋನ್ ಕರೆ

ಮಾರನೆಯ ದಿನ ಕಿರು ಪರೀಕ್ಷೆ ಕೊಟ್ಟೆ. ಕೊನೆಯ ಪ್ರಶ್ನೆ ಹೀಗಿತ್ತು: ನಾಲೆ ಕೆಲಸದಲ್ಲಿರುವ ಯಂತ್ರದ ಪರದೆಯಲ್ಲಿ ಎಸ್‌ಪಿಎನ್ 100, ಎಫ್‌ಎಂಐ 1 ಎಂದು ಬಂದಿದೆ. ಮೊದಲು ಏನು ಮಾಡುತ್ತೀರಿ?

22ರಲ್ಲಿ 17 ಮಂದಿ ವೈರು ನೋಡುತ್ತೇವೆ, ಕಪ್ಲರ್ ಬಿಚ್ಚುತ್ತೇವೆ ಎಂದು ಬರೆದಿದ್ದರು. ಕೆ.ಆರ್. ಪೇಟೆಯ ಹುಡುಗನ ಉತ್ತರ ಇನ್ನೂ ಸ್ಪಷ್ಟ: 'ಸೆನ್ಸರ್ ವೈರ್ ತೊಂದರೆ. ಕೆಲಸ ಮುಗಿದ ಮೇಲೆ ಸಂಜೆ ನೋಡಬಹುದು.'

ಎಫ್‌ಎಂಐ 1 ಎಂದರೆ ಅಳತೆ ನಂಬತಕ್ಕದ್ದಾಗಿದೆ, ಆದರೆ ಅಳೆದದ್ದು ಸುರಕ್ಷಿತ ಮಟ್ಟಕ್ಕಿಂತ ಬಹಳ ಕೆಳಗಿದೆ ಎಂದು. ವೈರಿನ ದೂರಲ್ಲ, ಆಯಿಲ್‌ನ ದೂರು. ಆ ಯಂತ್ರವನ್ನು ಸಂಜೆಯ ತನಕ ಓಡಿಸಿದರೆ ಸಂಜೆ ನೋಡಲು ಎಂಜಿನ್ ಉಳಿದಿರುವುದಿಲ್ಲ.

ಆ ಉತ್ತರಪತ್ರಿಕೆಯನ್ನು ಹಿಡಿದು ಸ್ಟಾಫ್ ರೂಮಿನಲ್ಲಿ ಬಹಳ ಹೊತ್ತು ಕೂತೆ. ಹುಡುಗ ಬರೆದದ್ದು ನನ್ನದೇ ಮಾತು. ಕೆಲಸದಲ್ಲಿದ್ದ ಎರಡನೆಯ ವರ್ಷ, ಒಂದು ಬೆಳಗ್ಗೆ ಆಪರೇಟರ್ ಒಬ್ಬ ಫೋನ್ ಮಾಡಿ "ಆಯಿಲ್ ಪ್ರೆಶರ್ದು ಕೋಡ್ ಬತ್ತೈತೆ ಅಣ್ಣ" ಎಂದ. ಅದಕ್ಕೆ ಹಿಂದಿನ ವಾರವಷ್ಟೇ ಬೇರೊಂದು ಯಂತ್ರದಲ್ಲಿ ಅದೇ ಸೆನ್ಸರ್‌ನ ವೈರು ಉಜ್ಜಿ ಹೋಗಿದ್ದನ್ನು ಸರಿಮಾಡಿ ಬಂದಿದ್ದೆ. "ವೈರ್ ಇರ್ಬೇಕು ಬಿಡಪ್ಪ, ಓಡ್ಸು, ಸಂಜೆ ಬತ್ತೀನಿ" ಎಂದೆ. ಎರಡನೆಯ ಅಂಕಿ ಏನು ಎಂದು ಕೇಳಲಿಲ್ಲ. ಮಧ್ಯಾಹ್ನದೊಳಗೆ ಬೇರಿಂಗ್ ಹಿಡಿದುಕೊಂಡು ಎಂಜಿನ್ ಜಾಮ್ ಆಯಿತು. ಬಿಚ್ಚಿದಾಗ ಆಯಿಲ್ ನೀರಿನಂತೆ ತೆಳ್ಳಗಿತ್ತು, ಡೀಸೆಲ್ ವಾಸನೆ ಹೊಡೆಯುತ್ತಿತ್ತು. ಇಂಜೆಕ್ಟರ್ ಸೋರಿ ಡೀಸೆಲ್ಲು ಚೇಂಬರಿಗೆ ಇಳಿದಿತ್ತು. ಕ್ರ್ಯಾಂಕ್ ಹೋಯಿತು. ಮಾಲೀಕ ಒಂದೇ ಗಾಡಿ ಇಟ್ಟುಕೊಂಡು ಕಂತು ಕಟ್ಟುತ್ತಿದ್ದವನು. ನನಗೆ ಯಾರೂ ಏನೂ ಅನ್ನಲಿಲ್ಲ, ಏಕೆಂದರೆ ಫೋನಿನಲ್ಲಿ ನಾನು ಹೇಳಿದ್ದು ಆ ಆಪರೇಟರ್‌ಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವನು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಇದನ್ನು ಪಾಠಯೋಜನೆಯ ಯಾವ ಅಂಕಣಕ್ಕೆ ಹಾಕುವುದು ಎಂದು ತಿಳಿಯದೆ ಮೇಡಂ ಹತ್ತಿರ ಹೇಳಿದೆ. ಅವರು ಯಂತ್ರದ ವಿಷಯದವರಲ್ಲ. ಅವರು ಕೇಳಿದ್ದು ಒಂದೇ: "ಎರಡನೇ ಪಾಠ ಆದ ಮೇಲೆ ಹುಡುಗರು ಒಂದು ತಪ್ಪನ್ನು ಬಿಟ್ಟು ಇನ್ನೊಂದು ತಪ್ಪನ್ನು ಹಿಡಿದುಕೊಂಡರು, ಅಲ್ಲವಾ? ಮೊದಲು ಸೆನ್ಸರ್ ಅಂತಿದ್ದರು, ಈಗ ವೈರ್ ಅಂತಾರೆ. ಯಂತ್ರ ಹೇಳೋದು ನಿಜ ಇರಬಹುದು ಅನ್ನೋದು ಎರಡರಲ್ಲೂ ಇಲ್ಲ."

ಮೂರನೆಯ ಪಾಠ: ಸೊನ್ನೆ ಮತ್ತು ಗೈರು

ಮೂರನೆಯ ಪಾಠದ ಯೋಜನೆಯನ್ನು ಕೈಬಿಟ್ಟು ಬೇರೆ ಮಾಡಿದೆ. ಮೊದಲ ಐದು ನಿಮಿಷ ಆ ಫೋನ್ ಕರೆಯ ಕತೆಯನ್ನು ಹುಡುಗರಿಗೆ ಹೇಳಿದೆ, ತಪ್ಪು ನನ್ನದು ಎಂದು ಸೇರಿಸಿಯೇ. ತರಗತಿಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಆಮೇಲೆ ಅಂಕಪಟ್ಟಿಯನ್ನು ಹಲಗೆಯ ಮೇಲೆ ಬರೆದೆ. ಐದು ಹೆಸರು, ಅಂಕಗಳು. ಒಬ್ಬನ ಮುಂದೆ 0. ಇನ್ನೊಬ್ಬನ ಮುಂದೆ 'ಗೈರು'. ವ್ಯತ್ಯಾಸವೇನು ಎಂದು ಕೇಳಿದೆ. ನಗುತ್ತ ಹೇಳಿದರು: ಒಬ್ಬ ಬಂದು ಬರೆದು ಸೊನ್ನೆ ತಗೊಂಡ, ಇನ್ನೊಬ್ಬ ಬರಲೇ ಇಲ್ಲ. ಗೈರಾದವನಿಗೆ ಓದು ಬರುತ್ತದೋ ಇಲ್ಲವೋ ಈ ಪಟ್ಟಿಯಿಂದ ಗೊತ್ತಾಗುತ್ತದೆಯೇ? ಇಲ್ಲ. ಸೊನ್ನೆ ತೆಗೆದವನಿಗೆ? ಗೊತ್ತಾಗುತ್ತದೆ.

ಆಯಿಲ್ ಒತ್ತಡದ ಸೆನ್ಸರ್ ಮಾಡುವುದೂ ಇದನ್ನೇ. ಅದರ ಸಿಗ್ನಲ್ ಸಾಮಾನ್ಯವಾಗಿ 0.5 ವೋಲ್ಟ್‌ನಿಂದ 4.5 ವೋಲ್ಟ್‌ನವರೆಗೆ. ಒತ್ತಡ ಏನೂ ಇಲ್ಲದಾಗ ಅದು 0 ವೋಲ್ಟ್ ಕೊಡುವುದಿಲ್ಲ, 0.5 ಕೊಡುತ್ತದೆ. ಏಕೆ? ಆ ಅರ್ಧ ವೋಲ್ಟ್, ಹಾಜರಿ ಕೂಗಿದಾಗ 'ಎಸ್ ಸಾರ್' ಎನ್ನುವ ಮಾತು. ನಾನಿದ್ದೇನೆ, ಒತ್ತಡ ಮಾತ್ರ ಇಲ್ಲ ಎಂದು. ಅರ್ಧಕ್ಕಿಂತ ಕೆಳಗೆ, ಸೊನ್ನೆಗೆ ಹತ್ತಿರ ಬಂದರೆ ಸೆನ್ಸರ್ ಮಾತಾಡುತ್ತಲೇ ಇಲ್ಲ: ಗೈರು, ಎಫ್‌ಎಂಐ 4. ನಾಲ್ಕೂವರೆ ದಾಟಿ 5ರ ಹತ್ತಿರ ಹೋದರೆ ಅದೂ ಒಂದು ಬಗೆಯ ಗೈರು, ಎಫ್‌ಎಂಐ 3. ಎಂಜಿನ್ ಓಡುತ್ತಿರುವಾಗ 0.7ರಲ್ಲಿ ನಿಂತರೆ ಅದು ಹಾಜರಿದ್ದು ಕಡಿಮೆ ಅಂಕ ತೆಗೆದವನು: ಎಫ್‌ಎಂಐ 1. ಅದಕ್ಕಿಂತ ಸ್ವಲ್ಪ ಮೆತ್ತಗಿನ ಎಚ್ಚರಿಕೆಗಳಿಗೆ 17, 18 ಇವೆ. ಮೇಲಿನ ಕಡೆ ಹೀಗೆಯೇ 0, 15, 16. ಕೂಲೆಂಟ್‌ಗೆ 110, 0 ಬಂದರೆ ನೀರು ನಿಜವಾಗಿಯೂ ಕುದಿಯುವ ಹತ್ತಿರವಿದೆ, ವೈರು ಹುಡುಕುತ್ತ ಕೂರಬಾರದು.

ಈ ಹೋಲಿಕೆಗೆ ಒಂದು ಮಿತಿಯಿದೆ. ಹಾಜರಿದ್ದವನ ಅಂಕವೂ ತಪ್ಪಾಗಿ ನಮೂದಾಗಬಹುದು: ಸೆನ್ಸರ್ ಹಳತಾಗಿ ಸುಳ್ಳು ಅಳತೆ ಕೊಡುವುದುಂಟು, ಕಪ್ಲರ್‌ನಲ್ಲಿ ಕಿಲುಬು ಹಿಡಿದರೆ ಅರೆಬರೆ ವೋಲ್ಟ್ ಬರುವುದುಂಟು. ಆದ್ದರಿಂದ 1 ಬಂದಾಗಲೂ ಕಣ್ಣುಮುಚ್ಚಿ ಎಂಜಿನ್ ಬಿಚ್ಚುವುದಲ್ಲ. ಆದರೆ ಅನುಮಾನ ಪರಿಹಾರ ಮಾಡಿಕೊಳ್ಳುವುದು ಎಂಜಿನ್ ನಿಲ್ಲಿಸಿದ ಮೇಲೆ. ಕಡ್ಡಿ ಎತ್ತಿ ಆಯಿಲ್‌ನ ಮಟ್ಟ ನೋಡು, ಮೂಸು, ಬೆರಳ ನಡುವೆ ಉಜ್ಜಿ ನೋಡು. ಮಟ್ಟ ಮೇಲಿನ ಗೆರೆಯನ್ನೂ ದಾಟಿದ್ದರೆ ಸಂತೋಷಪಡಬೇಡ, ಡೀಸೆಲ್ಲೋ ನೀರೋ ಸೇರಿರಬಹುದು. ಎಲ್ಲ ಸರಿಯಾಗಿ ಕಂಡರೆ ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ಮುಳ್ಳಿನ ಪ್ರೆಶರ್ ಗೇಜ್ ಹಾಕಿ ಸ್ವಲ್ಪ ಹೊತ್ತು ಮಾತ್ರ ಓಡಿಸಿ ಅಳೆ. ಅಳತೆ ಎಷ್ಟಿರಬೇಕೆಂಬುದು ಆಯಾ ಎಂಜಿನ್ನಿನ ಕೈಪಿಡಿಯಲ್ಲಿರುತ್ತದೆ. ಕಮಿನ್ಸ್‌ನ ಬಿ ಸರಣಿಯ 5.9 ಲೀಟರ್ ಎಂಜಿನ್‌ಗೆ ಐಡಲ್‌ನಲ್ಲಿ ಕನಿಷ್ಠ 10 ಪಿಎಸ್ಐ, ಪೂರ್ಣ ವೇಗದಲ್ಲಿ ಕನಿಷ್ಠ 30. ಗೇಜ್‌ಗೆ ವೈರಿಲ್ಲ, ಆದ್ದರಿಂದ ಅದಕ್ಕೂ ಸೆನ್ಸರ್‌ಗೂ ಜಗಳ ಬಂದರೆ ಗೇಜ್‌ನ ಪಕ್ಷ ವಹಿಸಬಹುದು.

ನಾಗಮಂಗಲದ ಹುಡುಗ ಕೇಳಿದ: "ಸಾರ್, ಒಂದೇ ಸಲಕ್ಕೆ ಐದಾರು ಜನ ಗೈರಾದ್ರೆ?" ನಾನು ಉತ್ತರಿಸುವ ಮೊದಲೇ ಪಕ್ಕದವನು "ಬಸ್ ಬಂದಿಲ್ಲ ಅಂತ ಕನೋ" ಎಂದ. ನಾಗಮಂಗಲದ ಬಸ್ಸಿನ ಮೇಲೆ ತರಗತಿಯಲ್ಲಿ ಹಳೆಯ ತಮಾಷೆಯಿತ್ತು. ಆದರೆ ಉತ್ತರ ಸರಿಯಾಗಿತ್ತು. ಐದಾರು ಸೆನ್ಸರ್‌ಗಳ ಕೋಡ್ ಒಟ್ಟಿಗೆ ಬಂದರೆ ಐದಾರು ಸೆನ್ಸರ್ ಒಟ್ಟಿಗೆ ಸತ್ತಿಲ್ಲ, ಅವು ಹಂಚಿಕೊಂಡ 5 ವೋಲ್ಟ್‌ನ ವೈರೋ ಅರ್ತೋ ಹೋಗಿದೆ.

ಕ್ಯಾನ್ ವೈರುಗಳ ವಿಷಯವನ್ನು ಇಲ್ಲಿ ಚಿಕ್ಕದಾಗಿ ಮುಗಿಸಿದೆ. ಕಂಪ್ಯೂಟರ್‌ಗಳು ತಮ್ಮ ನಡುವೆ ಮಾತಾಡುವ ಆ ಎರಡು ಹೊಸೆದ ವೈರುಗಳ ಎರಡು ತುದಿಗಳಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ಕೀ ಆಫ್ ಮಾಡಿ ಅಳೆದರೆ ಸಮಾಂತರದ ಲೆಕ್ಕದಂತೆ 60 ಬರಬೇಕು. 120 ಬಂದರೆ ಒಂದು ತುದಿ ಕಳಚಿದೆ. ಲೆಕ್ಕ ಅವರೇ ಮಾಡಿದರು.

ನಾಲ್ಕನೆಯ ಪಾಠ: ನಿಂತ ಯಂತ್ರ

ಪಾಂಡವಪುರದ ಹುಡುಗನ ಅಪ್ಪನ ಯಂತ್ರ ಬೇಬಿ ಬೆಟ್ಟದ ಕಡೆಯ ಕ್ವಾರಿ ಕೆಲಸದ್ದು. ಕೆಆರ್‌ಎಸ್ ಅಣೆಕಟ್ಟೆಯ ಸುತ್ತ ಗಣಿಗಾರಿಕೆಗೆ 2024ರಲ್ಲಿ ಹೈಕೋರ್ಟ್ ತಡೆ ಹಾಕಿದ ಮೇಲೆ ಅದು ತಿಂಗಳುಗಟ್ಟಲೆ ಕಬ್ಬಿನ ಗದ್ದೆಯ ಬದುವಿನಲ್ಲಿ ನಿಂತಿತ್ತಂತೆ. ಅಣೆಕಟ್ಟೆ ದೊಡ್ಡದು, ತಡೆ ಬೇಕಾದದ್ದೇ ಎಂದು ತರಗತಿಯಲ್ಲೂ ಕೆಲವರು ವಾದಿಸಿದರು. ಒಂದು ಗಾಡಿಯ ಕಂತಿನ ಲೆಕ್ಕ ಆ ವಾದದಲ್ಲಿ ಬರುವುದಿಲ್ಲ ಎಂಬುದೂ ನಿಜ. ಆಮೇಲೆ ಶ್ರೀರಂಗಪಟ್ಟಣದ ಕಡೆ ಜಮೀನು ಸಮ ಮಾಡುವ ಕೆಲಸ ಸಿಕ್ಕಾಗ ಯಂತ್ರ ಎಬ್ಬಿಸಿದರೆ ಬಜರ್ ನಿಲ್ಲುತ್ತಿರಲಿಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯುವವರು ಕೂಗುವ ಗಾಡಿಯನ್ನು ನೋಡಿ ಹಿಂದೆ ಸರಿಯುತ್ತಿದ್ದರು.

ಹೋಗುವ ಮೊದಲು ನಿಯಮ ಹೇಳಿಕೊಟ್ಟೆ. ಬಕೆಟ್ ನೆಲಕ್ಕಿಳಿಸಿರಬೇಕು, ಸೇಫ್ಟಿ ಲಿವರ್ ಹಾಕಿರಬೇಕು, ಕೀ ನನ್ನ ಜೇಬಿನಲ್ಲಿರಬೇಕು, ಬಿಸಿ ರೇಡಿಯೇಟರ್‌ನ ಮುಚ್ಚಳ ಯಾರೂ ಮುಟ್ಟಬಾರದು, ಮೀಟರ್‌ನ ಮೊನೆಯಿಂದ ವೈರಿನ ಮೈ ಚುಚ್ಚಬಾರದು, ಏಕೆಂದರೆ ಆ ತೂತಿನಿಂದ ನೀರಿಳಿದು ಮುಂದಿನ ಮಳೆಗಾಲಕ್ಕೆ ಹೊಸ ಕೋಡ್ ಹುಟ್ಟುತ್ತದೆ. ಇನ್ನೊಂದು: ಅಳಿಸುವ ಮೊದಲು ಪರದೆಯ ಫೋಟೊ. ಈಗ ಇರುವ ಕೋಡ್ ಬೇರೆ, ಹಿಂದೆ ಬಂದು ಹೋಗಿ ನೆನಪಿನಲ್ಲಿ ಉಳಿದ ಕೋಡ್ ಬೇರೆ. ಅಳಿಸಿಬಿಟ್ಟರೆ ಎರಡೂ ಹೋಗುತ್ತವೆ.

ಪರದೆಯಲ್ಲಿ 110, 3 ಇತ್ತು. ನಾನು ಟ್ರ್ಯಾಕಿನ ಮೇಲೆ ಕೂತೆ, ಏನೂ ಹೇಳಬಾರದೆಂದು ನಿರ್ಧರಿಸಿದ್ದೆ. ಹುಡುಗರು ಮೊದಲು ಮಾತಾಡಿಕೊಂಡರು: ಗೈರೋ, ಕಡಿಮೆ ಅಂಕವೋ? 3, ಗೈರು. ಕಪ್ಲರ್ ಬಿಚ್ಚಿ ವೈರಿನ ಕಡೆಗೆ ತಂತಿ ಸಿಕ್ಕಿಸಿದರು. ಕೀ ಕೇಳಿ ಪಡೆದು ಆನ್ ಮಾಡಿದರು. 3 ಹಾಗೆಯೇ ಇತ್ತು. ಹಾಗಾದರೆ ಸೆನ್ಸರ್ ಅಲ್ಲ. ಹುಡುಗನ ಅಪ್ಪ ಜೇಬಿನಿಂದ ಮೂರು ಹಳೆಯ ಸೆನ್ಸರ್‌ಗಳನ್ನು ತೆಗೆದು ನೋಡಿ ಮತ್ತೆ ಜೇಬಿಗಿಟ್ಟುಕೊಂಡರು.

ಆಮೇಲೆ ಸ್ವಲ್ಪ ಹೊತ್ತು ದಾರಿ ತಪ್ಪಿತು. ಯಾರೋ ಇಡೀ ವೈರಿಂಗ್ ಬಿಚ್ಚೋಣ ಎಂದರು. ಸಂಜೆಯ ತನಕ ಸಾಲದ ಕೆಲಸ ಅದು. ಶ್ರೀರಂಗಪಟ್ಟಣದ ಲೆಕ್ಕದ ಹುಡುಗ ತಡೆದ. ಎರಡು ವೈರಿನಲ್ಲಿ ಯಾವುದು ತುಂಡಾಗಿದೆ ಎಂದು ಮೊದಲು ನೋಡೋಣ ಎಂದ. ಕಪ್ಪು ಕಡ್ಡಿಯನ್ನು ಎಂಜಿನ್ನಿನ ಕಬ್ಬಿಣಕ್ಕೆ ಹಿಡಿದು ಕೆಂಪು ಕಡ್ಡಿಯನ್ನು ಸಿಗ್ನಲ್ ಪಿನ್ನಿಗೆ ಮುಟ್ಟಿಸಿದ. ಮೀಟರ್ ಹೆಚ್ಚುಕಡಿಮೆ 5 ತೋರಿಸಿತು. ಅಂದರೆ ಇಸಿಎಂನಿಂದ ಬರುವ ವೈರು ಜೀವಂತ. ವಾಪಸ್ಸು ಹೋಗುವ ವೈರು ತುಂಡು. ಇಷ್ಟನ್ನು ನಾನು ಹೇಳಿಕೊಟ್ಟಿರಲಿಲ್ಲ. ಅದರ ಮೇಲೆ ಪಾಂಡವಪುರದವನು ಸೇರಿಸಿದ್ದು ನನಗೇ ಹೊಳೆದಿರಲಿಲ್ಲ: "ವಾಪಸ್ ವೈರು ಬೇರೆ ಸೆನ್ಸರ್‌ಗೂ ಒಂದೇ ಅಲ್ವ ಸಾರ್? ಅವುಗಳ ಕೋಡ್ ಬಂದಿಲ್ಲ. ಕವಲಾದ ಮೇಲೆ ತುಂಡಾಗಿರ್ಬೇಕು." ಕವಲಿನಿಂದ ಕಪ್ಲರ್ ತನಕ ಇದ್ದದ್ದು ಮೊಳದುದ್ದ ವೈರು. ಮೇಲಿನ ಪ್ಲಾಸ್ಟಿಕ್ ಕೊಳವೆ ಸೀಳಿದಾಗ ಇಲಿ ಕಡಿದ ಗುರುತು ಕಂಡಿತು. ಕಬ್ಬಿನ ಗದ್ದೆಯ ಪಕ್ಕ ತಿಂಗಳುಗಟ್ಟಲೆ ನಿಂತ ಯಂತ್ರಕ್ಕೆ ಅದು ವಿಶೇಷವೇನಲ್ಲ.

ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ಎಳೆದು, ಹೊಸ ಕೊಳವೆ ತೊಡಿಸಿ ಕ್ಲಿಪ್ ಹಾಕಿದರು. ಕೋಡ್ ಹೋಯಿತು. ಎಂಜಿನ್ ಬಿಸಿಯಾಗುವ ತನಕ ಕಾದು ಪರದೆಯ ಉಷ್ಣತೆ ನಿಧಾನಕ್ಕೆ ಏರುವುದನ್ನೂ ನೋಡಿದೆವು. ಅದನ್ನು ನೋಡದೆ ಎದ್ದು ಬರಬಾರದು. ಅಪ್ಪ ನನ್ನ ಹತ್ತಿರ ಬಂದು "ಮೇಷ್ಟ್ರೇ, ಈ ಸೆನ್ಸರ್‌ಗಳನ್ನ ಅಂಗಡಿಯವ್ನು ವಾಪಸ್ ತಗತಾನಾ?" ಎಂದರು. ತೆಗೆದುಕೊಳ್ಳಲಾರ ಎಂದು ಹೇಳುವುದು ನನ್ನ ಪಾಲಿಗೆ ಬಂತು. ಒಂದನ್ನು ತರಗತಿಗೆ ಕೊಟ್ಟರು.

ನಂತರ

ಅದೇ ಪ್ರಶ್ನೆಯನ್ನು, 100 ಮತ್ತು 1, ಎರಡು ವಾರ ಬಿಟ್ಟು ಮತ್ತೆ ಕೊಟ್ಟೆ. 19 ಮಂದಿ ಎಂಜಿನ್ ನಿಲ್ಲಿಸಿ ಕಡ್ಡಿ ಎತ್ತುತ್ತೇವೆ ಎಂದು ಬರೆದರು. ಉಳಿದ ಮೂವರಲ್ಲಿ ಇಬ್ಬರು ಹೊರಾಂಗಣ ಪಾಠ ಕಂಡ ಮೇಲೆ ವೈರಿನ ಕಡೆಗೇ ಇನ್ನಷ್ಟು ವಾಲಿದ್ದರು. ಕಣ್ಣಾರೆ ಕಂಡ ಇಲಿಯ ಮುಂದೆ ಬಾಯಲ್ಲಿ ಹೇಳಿದ ಆಯಿಲ್ ಸೋಲುತ್ತದೆ. ಹೊರಗೆ ಕರೆದೊಯ್ಯುವ ಮೊದಲು ಎಫ್‌ಎಂಐ 1ರ ಪಾಠವನ್ನೂ ಕಣ್ಣಿಗೆ ಕಾಣುವಂತೆ ಮಾಡಬೇಕಿತ್ತು.

ಅದಕ್ಕಾಗಿ ಆ ಮೂವರ ಜೊತೆ ಫೋನ್ ಆಟ ಆಡಿದೆ. ಒಬ್ಬ ಆಪರೇಟರ್, ಒಬ್ಬ ಮೆಕ್ಯಾನಿಕ್, ನಡುವೆ ಗೋಡೆ. ಆಪರೇಟರ್ ಕೈಯಲ್ಲಿ ಕೋಡ್ ಬರೆದ ಚೀಟಿ, ಕೇಳಿದಷ್ಟಕ್ಕೆ ಮಾತ್ರ ಉತ್ತರ. 'ಸಂಜೆ ನೋಡಬಹುದು' ಎಂದು ಬರೆದಿದ್ದ ಕೆ.ಆರ್. ಪೇಟೆಯ ಹುಡುಗ ಮೂರನೆಯ ಸುತ್ತಿಗೆ ಹೀಗೆ ಶುರುಮಾಡಿದ: "ಮೊದ್ಲು ಎಂಜಿನ್ ಆಫ್ ಮಾಡಣ್ಣ. ಆಮೇಲೆ ಸ್ಕ್ರೀನ್ ಫೋಟೊ ತಗ್ದು ಕಳ್ಸು, ಎರಡ್ ನಂಬರೂ ಕಾಣ್ಬೇಕು."

ಮುಂದೆ ಈ ಘಟಕ ತೆಗೆದುಕೊಳ್ಳುವವರಿಗೆ: ಥರ್ಮಿಸ್ಟರ್‌ನ ಕಾಲುಗಳು ಬಹಳ ತೆಳು, ಮೊದಲ ಬ್ಯಾಚ್‌ಗೇ ಮುರಿಯುತ್ತವೆ, ನಾಲ್ಕೈದು ತನ್ನಿ. ಸೈಕಲ್ ಪಂಪ್, ಮುಳ್ಳಿನ ಗೇಜ್, ಒಂದು ಹಳೆಯ ಆಯಿಲ್ ಪ್ರೆಶರ್ ಸೆನ್ಸರ್ ಸೇರಿಸಿ ಹಲಗೆಯೊಂದನ್ನು ಮಾಡಿಟ್ಟಿದ್ದೇನೆ. ಗಾಳಿ ತುಂಬದಿದ್ದಾಗ ಅದು ಅರ್ಧ ವೋಲ್ಟ್ ತೋರಿಸುತ್ತದೆ, ಕಪ್ಲರ್ ಕಿತ್ತರೆ ಆ ಅರ್ಧವೂ ಹೋಗುತ್ತದೆ. ಟೀ ಲೋಟಕ್ಕಿಂತ ಮೊದಲು ಇದನ್ನು ತೋರಿಸಿ. ಹಲಗೆ ಸಂಸ್ಥೆಯ ಡೀಸೆಲ್ ವಿಭಾಗದ ಬೀರುವಿನಲ್ಲಿದೆ. ಪಂಪಿನ ವಾಷರ್ ಸ್ವಲ್ಪ ಸೋರುತ್ತದೆ.